ದೂರದ ದುಃಖ, ಹತ್ತಿರದ ಧರ್ಮ

ದೂರದೇಶದಲ್ಲಿ ಭಯೋತ್ಪಾದಕರು ನಡೆಸಿದ ಹತ್ಯಾಕಾಂಡದ ಸುದ್ದಿ ಮನೆಯನ್ನು ಮುಟ್ಟಿದಾಗ ಗೃಹಸ್ಥನ ಬಾಯಿಂದ ಹೊರಡುವ ಮೊದಲ ಪ್ರಶ್ನೆ ‘ಎಷ್ಟು ಜನ ಸತ್ತರು?’ ಎಂಬುದು. ಎರಡನೆಯದು ‘ನಮ್ಮವರು ಯಾರಾದರೂ ಇದ್ದರೇ?’ ಎಂಬುದು. ಮೂರನೆಯದು ‘ಮಾಡಿದವರು ಯಾರು?’ ಎಂಬುದು. ಈ ಮೂರರಲ್ಲಿ ಯಾವ ಪ್ರಶ್ನೆಯೂ ತಪ್ಪಲ್ಲ. ಆದರೆ ಎರಡನೆಯದಕ್ಕೆ ‘ಇಲ್ಲ’ ಎಂಬ ಉತ್ತರ ದೊರೆತೊಡನೆ ಮೊದಲನೆಯದು ಮರೆತುಹೋಗಿ, ಮೂರನೆಯದೊಂದೇ ಮನೆಯಲ್ಲಿ ಉಳಿದುಕೊಳ್ಳುವುದುಂಟು. ಆಗ ದುಃಖ ಹೋಗಿ ಚರ್ಚೆ ಉಳಿಯುತ್ತದೆ. ಕ್ರಮೇಣ ಚರ್ಚೆಯೂ ಹೋಗಿ ದ್ವೇಷ ಮಾತ್ರ ಉಳಿಯುತ್ತದೆ. ‘ಈಗ ಮಾಡಬೇಕಾದುದೇನು?’ ಎಂಬ ನಾಲ್ಕನೆಯ ಪ್ರಶ್ನೆ ಕೇಳದೆಯೇ ಹೋಗುತ್ತದೆ. ನಾಗರಿಕನ ಧರ್ಮವೂ ನಾಯಕನ ಧರ್ಮವೂ ಅಡಗಿರುವುದು ಈ ನಾಲ್ಕನೆಯ ಪ್ರಶ್ನೆಯಲ್ಲಿಯೇ.

‘ನಮ್ಮವರು’ ಎಂದರೆ ಯಾರು?

1985ರ ಜೂನ್ 23ರಂದು ಕೆನಡಾದಿಂದ ಲಂಡನ್ ಮಾರ್ಗವಾಗಿ ಭಾರತಕ್ಕೆ ಬರುತ್ತಿದ್ದ ಏರ್ ಇಂಡಿಯಾ ಸಂಸ್ಥೆಯ ‘ಕನಿಷ್ಕ’ ವಿಮಾನ ಐರ್ಲೆಂಡಿನ ಸಮೀಪ ಸಮುದ್ರದ ಮೇಲೆ ಬಾಂಬಿಗೆ ಸಿಡಿದು, ಅದರಲ್ಲಿದ್ದ 329 ಮಂದಿಯೂ ಮೃತಪಟ್ಟರು. ಅವರಲ್ಲಿ ಬಹುಪಾಲು ಜನ ಕೆನಡಾದ ನಾಗರಿಕರು, ಮೂಲದಿಂದ ಭಾರತೀಯರು. ಬೇಸಿಗೆಯ ರಜೆಗೆ ಅಜ್ಜ ಅಜ್ಜಿಯರ ಮನೆಗೆ ಹೊರಟಿದ್ದ ಮಕ್ಕಳು ಅನೇಕರಿದ್ದರು. ಆಗ ಕೆನಡಾದ ಪ್ರಧಾನಿಯಾಗಿದ್ದ ಬ್ರಯಾನ್ ಮಲ್ರೋನಿಯವರು ಸಂತಾಪ ಸೂಚಿಸಲು ದೂರವಾಣಿಯಲ್ಲಿ ಮಾತನಾಡಿದ್ದು ಭಾರತದ ಪ್ರಧಾನಿ ರಾಜೀವ್ ಗಾಂಧಿಯವರೊಡನೆ. ಆ ಸೌಜನ್ಯದಲ್ಲಿ ತಪ್ಪೇನೂ ಇಲ್ಲವೆಂದು ತೋರಬಹುದು. ಆದರೆ ಸತ್ತವರು ತನ್ನ ದೇಶದ ಪ್ರಜೆಗಳೇ ಎಂಬ ಅರಿವು ಆ ರಾಷ್ಟ್ರಕ್ಕೆ ಆ ಘಳಿಗೆಯಲ್ಲಿ ಮೂಡಲಿಲ್ಲ ಎಂಬ ನೋವು ಕುಟುಂಬಗಳ ಮನಸ್ಸಿನಲ್ಲಿ ದಶಕಗಳ ಕಾಲ ಉಳಿಯಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಮೇಜರ್ ಅವರ ವಿಚಾರಣಾ ಆಯೋಗ ವರದಿ ನೀಡಿದ್ದು 2010ರಲ್ಲಿ. ಕೆನಡಾ ಸರ್ಕಾರ ಆ ಕುಟುಂಬಗಳ ಕ್ಷಮೆ ಯಾಚಿಸಿದ್ದೂ ಅದೇ ವರ್ಷ. ಆ ವೇಳೆಗೆ 25 ವರ್ಷಗಳು ಕಳೆದಿದ್ದವು. ಎಷ್ಟೋ ತಾಯಿತಂದೆಯರು ಆ ಮಾತನ್ನು ಕೇಳಲು ಬದುಕಿರಲಿಲ್ಲ.

ಅದೇ ದುರಂತದಲ್ಲಿ ಇನ್ನೊಂದು ಜನಸಮುದಾಯ ನಡೆದುಕೊಂಡ ರೀತಿಯನ್ನು ಇದರ ಪಕ್ಕದಲ್ಲಿರಿಸಿ ನೋಡಬೇಕು. ಸಮುದ್ರದಿಂದ ಮೇಲೆತ್ತಲು ಸಾಧ್ಯವಾದ 131 ದೇಹಗಳನ್ನು ಐರ್ಲೆಂಡಿನ ಕಾರ್ಕ್ ನಗರದ ಆಸ್ಪತ್ರೆಗೆ ತರಲಾಯಿತು. ಅಲ್ಲಿನ ಜನರಿಗೆ ಸತ್ತವರ ಭಾಷೆ ತಿಳಿಯದು, ಆಚಾರ ತಿಳಿಯದು, ಹೆಸರುಗಳನ್ನು ಉಚ್ಚರಿಸುವುದೂ ಕಷ್ಟ. ಹಾಗಿದ್ದರೂ ದಾದಿಯರು, ನಾವಿಕರು, ಪೊಲೀಸರು, ಸಾಧಾರಣ ಗೃಹಸ್ಥರು ಕಂಗೆಟ್ಟು ಬಂದಿಳಿದ ಬಂಧುಗಳನ್ನು ತಮ್ಮವರಂತೆ ಕಂಡರು. ಮರುವರ್ಷವೇ ಅಹಕಿಸ್ಟಾ ಎಂಬ ಪುಟ್ಟ ಕಡಲತೀರದ ಹಳ್ಳಿಯಲ್ಲಿ ಸ್ಮಾರಕವೊಂದು ಸಿದ್ಧವಾಯಿತು. ಪ್ರತಿ ಜೂನ್ 23ರಂದು ಬಂಧುಗಳು ಅಲ್ಲಿ ಸೇರುತ್ತಾ ಬಂದಿದ್ದಾರೆ. ಊರಿನವರು ಅವರ ಜೊತೆಗೆ ನಿಲ್ಲುತ್ತಾ ಬಂದಿದ್ದಾರೆ.

ಸ್ವಂತ ನಾಗರಿಕರನ್ನು ಒಂದು ರಾಷ್ಟ್ರ ಪರಕೀಯರೆಂದು ಬಗೆಯಿತು. ಪರಕೀಯರನ್ನು ಒಂದು ಹಳ್ಳಿ ಸ್ವಂತದವರೆಂದು ಬಗೆಯಿತು. ‘ನಮ್ಮವರು’ ಎಂಬ ಪದದ ಅರ್ಥ ಹುಟ್ಟಿನಿಂದ ನಿಶ್ಚಿತವಾಗುವುದಿಲ್ಲ. ಅದನ್ನು ಬಳಸುವವನ ಹೃದಯದ ವಿಸ್ತಾರದಿಂದ ನಿಶ್ಚಿತವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಭಾರತವೂ ಇಂಥದೊಂದು ಪರೀಕ್ಷೆಯನ್ನು ಎದುರಿಸಿದೆ. 2014ರ ಡಿಸೆಂಬರ್ 16ರಂದು ಪಾಕಿಸ್ತಾನದ ಪೇಶಾವರದ ಸೇನಾ ಶಾಲೆಗೆ ನುಗ್ಗಿದ ಬಂದೂಕುಧಾರಿಗಳು 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಎರಡು ದೇಶಗಳ ನಡುವಣ ವೈರ ಎಲ್ಲರಿಗೂ ತಿಳಿದದ್ದೇ. ಮುಂಬಯಿಯ ಗಾಯವೂ ಮಾಸಿರಲಿಲ್ಲ. ‘ಬಿತ್ತಿದ್ದನ್ನು ಬೆಳೆದರು’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಆದರೆ ಮರುದಿನ ಭಾರತದ ಶಾಲೆಗಳಲ್ಲಿ ಮಕ್ಕಳು ಎರಡು ನಿಮಿಷ ಮೌನವಾಗಿ ನಿಂತರು. ಪ್ರಧಾನಿಯವರೇ ಅದಕ್ಕೆ ಕರೆ ನೀಡಿದ್ದರು. ಆ ಎರಡು ನಿಮಿಷಗಳಿಂದ ಗಡಿಯ ಯಾವ ತಕರಾರೂ ಬಗೆಹರಿಯಲಿಲ್ಲ, ನಿಜ. ಆದರೆ ಇಲ್ಲಿನ ಒಂದು ಮಗು ಅಲ್ಲಿನ ಒಂದು ಮಗುವಿಗಾಗಿ ತಲೆತಗ್ಗಿಸಿ ನಿಂತಿತು. ಆ ಸಂಸ್ಕಾರ ವ್ಯರ್ಥವಾಯಿತೆಂದು ಯಾರು ಹೇಳಬಲ್ಲರು?

‘ಮಾಡಿದವರು ಯಾರು?’

ಇದು ನ್ಯಾಯವಾದ ಪ್ರಶ್ನೆ. ಅಪರಾಧಿಯನ್ನು ಗುರುತಿಸದೆ ನ್ಯಾಯವಿಲ್ಲ. ಆದರೆ ಇದಕ್ಕೆ ಉತ್ತರಿಸುವ ಅವಸರದಲ್ಲಿಯೇ ಅತಿ ಹೆಚ್ಚಿನ ಅನ್ಯಾಯಗಳು ನಡೆದಿವೆ.

2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬುಗಳು ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಸಾರ್ವತ್ರಿಕ ಚುನಾವಣೆಗೆ ಉಳಿದಿದ್ದುದು ಮೂರೇ ದಿನ. ಅಲ್ಲಿನ ಸರ್ಕಾರ ಬಾಸ್ಕ್ ಪ್ರತ್ಯೇಕತಾವಾದಿಗಳ ಮೇಲೆ ಬೆರಳು ತೋರಿತು. ಸಾಕ್ಷ್ಯಗಳು ಬೇರೆ ದಿಕ್ಕಿಗೆ, ಅಲ್‌ಖೈದಾ ಪ್ರೇರಿತ ಗುಂಪಿನತ್ತ, ಸರಿಯತೊಡಗಿದ ಮೇಲೂ ತನ್ನ ಮಾತನ್ನು ಬೇಗನೆ ಬಿಡಲಿಲ್ಲ. ಶೋಕದಲ್ಲಿದ್ದ ಜನ ಬೀದಿಗಿಳಿದು ಸತ್ಯವನ್ನು ಕೇಳಿದರು. ಚುನಾವಣೆಯಲ್ಲಿ ಆ ಸರ್ಕಾರ ಸೋತಿತು. ಸಂಕಟದ ಸಮಯದಲ್ಲಿ ಪ್ರಜೆ ತನ್ನ ನಾಯಕನಿಂದ ಧೈರ್ಯವನ್ನು ಬಯಸುತ್ತಾನೆ. ಧೈರ್ಯಕ್ಕಿಂತ ಮೊದಲು ಸತ್ಯವನ್ನು ಬಯಸುತ್ತಾನೆ. ತಿಳಿಯದಿದ್ದಾಗ ‘ಇನ್ನೂ ತಿಳಿದಿಲ್ಲ’ ಎನ್ನುವುದು ಅಧಿಕಾರದಲ್ಲಿರುವವರಿಗೆ ಅತ್ಯಂತ ಕಠಿಣವಾದ ವ್ರತ.

ಅವಸರದ ದೋಷ ನಾಯಕರದಷ್ಟೇ ಅಲ್ಲ. 2001ರ ಸೆಪ್ಟೆಂಬರ್ 11ರ ದಾಳಿಗಳು ನಡೆದ ನಾಲ್ಕೇ ದಿನಗಳಲ್ಲಿ ಅಮೆರಿಕದ ಅರಿಜೋನಾ ಪ್ರಾಂತದ ಮೇಸಾ ನಗರದಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು ಅವರ ಪೆಟ್ರೋಲ್ ಬಂಕಿನ ಮುಂದೆಯೇ ಒಬ್ಬ ಗುಂಡಿಟ್ಟು ಕೊಂದ. ಅವರ ಪೇಟ ಮತ್ತು ಗಡ್ಡವನ್ನು ಕಂಡು ಅವರನ್ನು ದಾಳಿಕೋರರ ಕಡೆಯವರೆಂದು ಅವನು ಭಾವಿಸಿದ್ದ. ಇಂಥ ಪ್ರಸಂಗದಲ್ಲಿ ‘ಆತ ಮುಸ್ಲಿಮನಲ್ಲ, ಸಿಖ್ಖ, ಕೊಂದವನು ತಪ್ಪು ತಿಳಿದ’ ಎನ್ನುವವರಿದ್ದಾರೆ. ಆ ಮಾತಿನೊಳಗಿನ ಅಪಾಯವನ್ನು ಗಮನಿಸಬೇಕು. ಸತ್ತವರು ಮುಸ್ಲಿಮರೇ ಆಗಿದ್ದರೂ ಕೊಲೆ ಕೊಲೆಯೇ ಆಗಿತ್ತು. ತಪ್ಪು ಇದ್ದುದು ಗುರುತಿಸುವಿಕೆಯಲ್ಲಿ ಅಲ್ಲ. ಒಬ್ಬನ ಪಾಪಕ್ಕೆ ಇನ್ನೊಬ್ಬನನ್ನು ಹೊಣೆ ಮಾಡಿದುದರಲ್ಲಿ.

ಕೊಲಂಬೊ ಕಲಿಸಿದ ಪಾಠ

2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಶ್ರೀಲಂಕಾದಲ್ಲಿ ನಡೆದ ದಾಳಿ ಕನ್ನಡನಾಡಿಗೆ ದೂರದ್ದಾಗಿರಲಿಲ್ಲ. ಕೊಲಂಬೊ, ನೆಗೊಂಬೊ, ಬಟ್ಟಿಕಲೋವಾಗಳ ಮೂರು ಚರ್ಚುಗಳಲ್ಲಿ ಮತ್ತು ಕೊಲಂಬೊದ ದೊಡ್ಡ ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಏಪ್ರಿಲ್ 18ರ ಮತದಾನ ಮುಗಿಸಿ, ಚುನಾವಣಾ ಕಾರ್ಯದ ದಣಿವಾರಿಸಿಕೊಳ್ಳಲೆಂದು ಹೋಗಿದ್ದ ಕರ್ನಾಟಕದ ಹಲವರು ಅವರಲ್ಲಿದ್ದರು. ಅವರ ದೇಹಗಳು ಮರಳಿ ಬಂದಾಗ, ನಕ್ಷೆಯಲ್ಲಿ ಕಾಣುವ ಸಮುದ್ರ ಎಷ್ಟು ಕಿರಿದೆಂಬುದು ಅನೇಕ ಊರುಗಳಿಗೆ ತಿಳಿಯಿತು.

ಈ ದುರಂತದಲ್ಲಿ ಅತ್ಯಂತ ವ್ಯಥೆಯ ಸಂಗತಿಯೊಂದಿದೆ. ದಾಳಿ ನಡೆಯಬಹುದೆಂಬ ಖಚಿತ ಎಚ್ಚರಿಕೆಯನ್ನು ಭಾರತದ ಗುಪ್ತಚರ ವಿಭಾಗ ಏಪ್ರಿಲ್ 4ರಂದೇ ಕೊಲಂಬೊಕ್ಕೆ ಮುಟ್ಟಿಸಿತ್ತು. ದಾಳಿಯ ಮುಂದಾಳಿನ ಉಗ್ರ ಪ್ರವಚನಗಳ ಬಗ್ಗೆ ಅಲ್ಲಿನ ಮುಸ್ಲಿಂ ಮುಖಂಡರು ಅದಕ್ಕೂ ಬಹಳ ಮುಂಚೆ ಅಧಿಕಾರಿಗಳಿಗೆ ದೂರಿದ್ದರು. ಆದರೆ ಅಧ್ಯಕ್ಷರಿಗೂ ಪ್ರಧಾನಿಗೂ ಆಗ ಮಾತಿನ ಸಂಬಂಧವೇ ಸರಿಯಿರಲಿಲ್ಲ. ಭದ್ರತಾ ಮಂಡಲಿಯ ಸಭೆಗಳಿಗೆ ಪ್ರಧಾನಿಯನ್ನು ಕರೆಯುತ್ತಿರಲಿಲ್ಲ. ಬಂದ ಎಚ್ಚರಿಕೆ ಕಚೇರಿಯಿಂದ ಕಚೇರಿಗೆ ಅಲೆಯಿತೇ ಹೊರತು ಚರ್ಚಿನ ಬಾಗಿಲಿಗೆ ಕಾವಲಾಗಿ ತಲುಪಲಿಲ್ಲ. 2023ರ ಜನವರಿ 12ರಂದು ಶ್ರೀಲಂಕಾದ ಸರ್ವೋಚ್ಚ ನ್ಯಾಯಾಲಯ ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು ಸಂತ್ರಸ್ತರಿಗೆ ಅಲ್ಲಿನ 10 ಕೋಟಿ ರೂಪಾಯಿಗಳ ಪರಿಹಾರ ತೆರಬೇಕೆಂದು ಆದೇಶಿಸಿತು. ಹಿರಿಯ ಅಧಿಕಾರಿಗಳಿಗೂ ಹೊಣೆ ಹೊರಿಸಿತು. ಕೊಂದವನ ಸಂಕಲ್ಪವೊಂದೇ ಹಿಂಸೆಯಲ್ಲ, ಕಾಯಬೇಕಾದವನ ಪ್ರಮಾದವೂ ಹಿಂಸೆಯಲ್ಲಿ ಪಾಲುಗೊಳ್ಳುತ್ತದೆ ಎಂಬ ವಿಚಾರ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಒಂದು ದೇಶದ ನ್ಯಾಯಾಲಯ ತನ್ನದೇ ಭಾಷೆಯಲ್ಲಿ ಅದನ್ನು ಹೇಳಿದಂತಾಯಿತು.

ದಾಳಿಯ ನಂತರದ ದಿನಗಳಲ್ಲಿ ಕೊಲಂಬೊದ ಕಾರ್ಡಿನಲ್ ಮಾಲ್ಕಂ ರಂಜಿತ್ ಅವರು, ತಮ್ಮ ಚರ್ಚುಗಳ ನೆಲದ ರಕ್ತ ಇನ್ನೂ ಆರಿರದಿದ್ದಾಗಲೇ, ಯಾರೂ ಸೇಡಿಗೆ ಇಳಿಯಬಾರದೆಂದು ಮತ್ತೆ ಮತ್ತೆ ಬೇಡಿಕೊಂಡರು. ಆದರೂ ಮೇ ತಿಂಗಳಿನಲ್ಲಿ ಒಬ್ಬ ಅಂಗಡಿಯವನು ಫೇಸ್‌ಬುಕ್ಕಿನಲ್ಲಿ ಬರೆದ ಒಂದು ಸಾಲನ್ನು ಜನ ಬೆದರಿಕೆಯೆಂದು ತಿಳಿದದ್ದೇ ಕಿಡಿಯಾಗಿ, ವಾಯವ್ಯ ಭಾಗದ ಊರುಗಳಲ್ಲಿ ಗುಂಪುಗಳು ಮುಸ್ಲಿಮರ ಅಂಗಡಿ, ಮನೆ, ಮಸೀದಿಗಳ ಮೇಲೆ ಬಿದ್ದವು. ಒಬ್ಬ ಬಡಗಿಯನ್ನು ಕೊಚ್ಚಿ ಕೊಂದರು. ಏಪ್ರಿಲ್ 21ರ ಕೃತ್ಯದಲ್ಲಿ ಅವನ ಪಾಲೇನೂ ಇರಲಿಲ್ಲ. ಸಮುದಾಯ ಸಮುದಾಯಗಳ ನಡುವೆ ಗೋಡೆಯೇಳಬೇಕೆಂಬುದೇ ಭಯೋತ್ಪಾದಕನ ಇಚ್ಛೆ. ಆ ಗೋಡೆಗೆ ಕಲ್ಲು ಹೊತ್ತವರು ಬಾಂಬು ಸಿಡಿಸಿದವರಲ್ಲ. ಅವರನ್ನು ಶಪಿಸುತ್ತಿದ್ದ ಜನರೇ.

ನಾಯಕನ ಮಾತು, ನಾಯಕನ ಕೃತಿ

ಕೊಲಂಬೊ ದಾಳಿಗೆ ಐದು ವಾರಗಳ ಮೊದಲು, 2019ರ ಮಾರ್ಚ್ 15ರ ಶುಕ್ರವಾರ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಒಬ್ಬ ಬಿಳಿಯ ಜನಾಂಗವಾದಿ ಗುಂಡಿನ ಮಳೆಗರೆದ. 51 ಮಂದಿ ಸತ್ತರು; ಭಾರತದಿಂದ ಹೋಗಿ ನೆಲೆಸಿದವರೂ ಅವರಲ್ಲಿದ್ದರು. ಆಗಿನ ಪ್ರಧಾನಿ ಜಸಿಂಡಾ ಆರ್ಡೆರ್ನ್ ಅವರು ಮರುದಿನವೇ ತಲೆಗೆ ವಸ್ತ್ರ ಹೊದ್ದು ಸಂತ್ರಸ್ತರ ನಡುವೆ ಹೋಗಿ ಕುಳಿತರು. ಕೊಲೆಗಾರ ಕೀರ್ತಿಯನ್ನು ಬಯಸಿದ್ದನಾದ್ದರಿಂದ ಅವನ ಹೆಸರನ್ನು ತಾವು ಉಚ್ಚರಿಸುವುದಿಲ್ಲವೆಂದು ಸಂಸತ್ತಿನಲ್ಲಿ ಸಾರಿದರು. ಮಾತು ಅಲ್ಲಿಗೇ ನಿಲ್ಲಲಿಲ್ಲ. ಒಂದು ತಿಂಗಳೊಳಗೆ, ಏಪ್ರಿಲ್ 10ರಂದು, ಸೇನಾಮಾದರಿಯ ಬಂದೂಕುಗಳನ್ನು ನಿಷೇಧಿಸುವ ಮಸೂದೆ 119 ಮತಗಳಿಂದ ಅಂಗೀಕಾರವಾಯಿತು. ವಿರೋಧವಾಗಿ ಬಿದ್ದುದು ಒಂದೇ ಮತ. ಜನರಿಂದ 50 ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಹಣ ಕೊಟ್ಟು ಹಿಂಪಡೆಯಲಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸ್ತುತಿಪಾಠವಾದೀತು. ಆ ದೇಶದ ನಿಜವಾದ ಹಿರಿಮೆ ಅನಂತರದ್ದು. ರಾಜ್ಯಾಡಳಿತದ ಲೋಪಗಳನ್ನು ಶೋಧಿಸಲು ಅದು ಉನ್ನತ ವಿಚಾರಣಾ ಆಯೋಗವನ್ನು ನೇಮಿಸಿತು. ಗುಪ್ತಚರ ಸಂಸ್ಥೆಗಳು ಒಂದೇ ಬಗೆಯ ಉಗ್ರವಾದದ ಮೇಲೆ ಮಿತಿಮೀರಿ ಕಣ್ಣಿಟ್ಟಿದ್ದುದು, ಬಂದೂಕಿನ ಪರವಾನಗಿ ನೀಡುವಾಗ ಪೊಲೀಸರು ಸರಿಯಾಗಿ ಪರಿಶೀಲಿಸದೆ ಹೋದದ್ದು 2020ರ ಡಿಸೆಂಬರಿನಲ್ಲಿ ವರದಿಯಾಗಿ ಪ್ರಕಟವಾದವು. ಪ್ರಧಾನಿ ಕ್ಷಮೆ ಕೇಳಿದರು. ಅದಕ್ಕೆ ಮುಂಚೆಯೇ, ಆ ವರ್ಷದ ಆಗಸ್ಟಿನಲ್ಲಿ, ನ್ಯಾಯಾಲಯ ಅಪರಾಧಿಗೆ ಬಿಡುಗಡೆಯ ಅವಕಾಶವಿಲ್ಲದ ಜೀವಾವಧಿ ಶಿಕ್ಷೆ ವಿಧಿಸಿತ್ತು. ಕರುಣೆಯ ಮಾತು, ಕಾನೂನಿನ ತಿದ್ದುಪಡಿ, ನ್ಯಾಯವಾದ ದಂಡನೆ, ತನ್ನ ದೋಷದ ಪರಿಶೋಧನೆ ಎಂಬ ನಾಲ್ಕೂ ಸೇರಿದಾಗಲೇ ರಾಜಧರ್ಮ ಪೂರ್ಣವಾಗುತ್ತದೆ.

ಮಾತು ಒಳ್ಳೆಯದಾಗಿದ್ದು ಕೃತಿ ಹಳಿತಪ್ಪಬಹುದೆಂಬುದಕ್ಕೂ ಉದಾಹರಣೆಯಿದೆ. 2001ರ ಸೆಪ್ಟೆಂಬರ್ 17ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರು ವಾಷಿಂಗ್ಟನ್ನಿನ ಇಸ್ಲಾಮಿಕ್ ಕೇಂದ್ರಕ್ಕೆ ಹೋಗಿ, ಮುಸ್ಲಿಂ ನಾಗರಿಕರನ್ನು ಗೌರವದಿಂದ ಕಾಣಬೇಕೆಂದು ಹೇಳಿದ್ದು ಶ್ಲಾಘನೀಯವೇ. ಆದರೆ 2003ರಲ್ಲಿ ಅದೇ ಸರ್ಕಾರ ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂದು ಸಾರಿ ಇರಾಕಿನ ಮೇಲೆ ಯುದ್ಧ ಹೂಡಿತು. ಆ ಅಸ್ತ್ರಗಳು ಸಿಗಲಿಲ್ಲ. ಸೆಪ್ಟೆಂಬರ್ ದಾಳಿಯಲ್ಲಿ ಇರಾಕಿನ ಕೈವಾಡವೂ ಸಿದ್ಧವಾಗಲಿಲ್ಲ. ಸತ್ತ ಇರಾಕಿ ನಾಗರಿಕರ ಸಂಖ್ಯೆ ಲಕ್ಷವನ್ನು ಮೀರಿತು. ಜನರ ದುಃಖ ನಾಯಕನ ಕೈಗೆ ಒಪ್ಪಿಸಿದ ನಿಧಿಯಂತೆ. ಅದನ್ನು ಬೇರೊಂದು ಉದ್ದೇಶಕ್ಕೆ ಖರ್ಚು ಮಾಡುವುದು ವಿಶ್ವಾಸದ್ರೋಹ.

ಹಾಗೆಂದು ಬಲಪ್ರಯೋಗವೇ ಕೂಡದೆಂದು ಇದರ ಅರ್ಥವಲ್ಲ. ಸಂಕಲ್ಪಪೂರ್ವಕವಾದ ಹಿಂಸೆಗೂ, ರಕ್ಷಣೆಯ ಹೊಣೆ ಹೊತ್ತವನಿಗೆ ಅನಿವಾರ್ಯವಾಗಿ ಒದಗುವ ವಿರೋಧೀ ಹಿಂಸೆಗೂ ಇರುವ ಅಂತರವನ್ನು ಶ್ರಾವಕಾಚಾರ ಬಲ್ಲವರು ಅರಿತಿದ್ದಾರೆ. ಬಂದೂಕು ಹಿಡಿದು ನುಗ್ಗುವವನನ್ನು ತಡೆಯದ ರಾಜ್ಯ ಅಹಿಂಸೆಯನ್ನು ಪಾಲಿಸಿದಂತಾಗುವುದಿಲ್ಲ. ಆದರೆ ತಡೆಯುವುದಕ್ಕೂ ತಣಿಯುವುದಕ್ಕೂ ಭೇದವಿದೆ. ಮೊದಲನೆಯದರ ಅಳತೆ ಅಪಾಯ. ಎರಡನೆಯದರ ಅಳತೆ ಕೋಪ. ಅಪಾಯಕ್ಕೆ ಒಂದು ಮಿತಿಯುಂಟು, ಕೋಪಕ್ಕೆ ಇಲ್ಲ.

ಕ್ಷಮಿಸುವ ಅಧಿಕಾರ ಯಾರದು?

ಕ್ರೈಸ್ಟ್‌ಚರ್ಚಿನಲ್ಲಿ ಪತ್ನಿಯನ್ನು ಕಳೆದುಕೊಂಡ ಫರೀದ್ ಅಹ್ಮದ್ ಅವರು ಕೊಲೆಗಾರನನ್ನು ಕ್ಷಮಿಸಿರುವುದಾಗಿ ಸಾರ್ವಜನಿಕವಾಗಿ ಹೇಳಿದರು. ಜಗತ್ತು ಬೆರಗಾಯಿತು. ಆದರೆ ಶಿಕ್ಷೆಯ ವಿಚಾರಣೆಯ ದಿನಗಳಲ್ಲಿ ಅದೇ ನ್ಯಾಯಾಲಯದಲ್ಲಿ ಎದ್ದು ನಿಂತು, ತಾವು ಕ್ಷಮಿಸಲಾರೆವೆಂದು ಅಪರಾಧಿಯ ಮುಖವನ್ನು ನೋಡಿಯೇ ಹೇಳಿದವರೂ ಇದ್ದರು. ಮಗನನ್ನು ಕಳೆದುಕೊಂಡ ತಾಯಿಯನ್ನು ಅದಕ್ಕಾಗಿ ತಪ್ಪೆನ್ನುವ ಅಧಿಕಾರ ಯಾರಿಗಿದೆ?

ಕ್ಷಮೆಯನ್ನು ಪರ್ವವಾಗಿ ಆಚರಿಸುವ ಸಮಾಜಕ್ಕೆ ಇಲ್ಲೊಂದು ಸೂಕ್ಷ್ಮವಾದ ಎಚ್ಚರ ಬೇಕು. ದೂರದಲ್ಲಿ ಸುರಕ್ಷಿತವಾಗಿ ಕುಳಿತವನು ನೊಂದವನಿಗೆ ಕ್ಷಮೆಯನ್ನು ಉಪದೇಶಿಸುವುದು ಸುಲಭ. ಅದು ಎಷ್ಟೋ ಸಲ ನೋವನ್ನು ಕೇಳಿಸಿಕೊಳ್ಳದಿರುವ ಒಂದು ಉಪಾಯವಾಗುತ್ತದೆ. ಕ್ಷಮೆ ಗಾಯಗೊಂಡವನ ಸ್ವತ್ತು. ಅದನ್ನು ಅವನ ಪರವಾಗಿ ದಾನ ಮಾಡಲು ಪ್ರೇಕ್ಷಕನಿಗೆ ಹಕ್ಕಿಲ್ಲ. ಅದೇ ನ್ಯಾಯದಿಂದ, ಅವನ ಪರವಾಗಿ ಸೇಡು ತೀರಿಸಲೂ ಪ್ರೇಕ್ಷಕನಿಗೆ ಹಕ್ಕಿಲ್ಲ. ಈ ಎರಡನ್ನೂ ಬಿಟ್ಟರೆ ದೂರದ ನಾಗರಿಕನಿಗೆ ಉಳಿಯುವುದು ಸತ್ಯ, ಸಂಯಮ, ನೆರವು ಮತ್ತು ನೆನಪು. ಇವು ಸಣ್ಣವೆಂದು ತೋರಬಹುದು. ಆದರೆ ಅವನ ಕೈಯಲ್ಲಿರುವುದು ಇವೇ.

ಮನೆಯಲ್ಲಿ, ಬಸದಿಯಲ್ಲಿ

ಕ್ರೈಸ್ಟ್‌ಚರ್ಚಿನ ಕೊಲೆಗಾರ ತನ್ನ ಕೃತ್ಯವನ್ನು ನೇರವಾಗಿ ಪ್ರಸಾರ ಮಾಡಿದ್ದ. ಮೊದಲ 24 ಗಂಟೆಗಳಲ್ಲಿ ಆ ದೃಶ್ಯದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದುದಾಗಿ ಫೇಸ್‌ಬುಕ್ ಸಂಸ್ಥೆ ತಿಳಿಸಿತು. ಆ ಪ್ರತಿಗಳನ್ನು ಹರಡಿದವರೆಲ್ಲ ಕೊಲೆಗಾರನ ಅಭಿಮಾನಿಗಳಾಗಿರಲಾರರು. ‘ನೋಡಿ, ಎಂಥ ಘೋರ!’ ಎಂದು ಕಳುಹಿಸಿದವರೂ ಇದ್ದಿರಬೇಕು. ಇಂದು ಪ್ರತಿ ಮನೆಯಲ್ಲೂ ಮೊಬೈಲ್ ಇದೆ. ಹಾಗಿರುವಾಗ ಹತ್ಯೆಯ ದೃಶ್ಯವನ್ನು ನೋಡದಿರುವುದು, ಖಚಿತವಲ್ಲದ ಸುದ್ದಿಯನ್ನು ಮುಂದಕ್ಕೆ ಕಳುಹಿಸದಿರುವುದು, ಒಂದು ಇಡೀ ಸಮುದಾಯವನ್ನು ಹಳಿಯುವ ಬರಹವನ್ನು ತನ್ನಲ್ಲಿಗೇ ನಿಲ್ಲಿಸುವುದು ಗೃಹಸ್ಥನ ದಿನನಿತ್ಯದ ನಿಯಮವಾಗಬೇಕು. ಬಾಯಿಯ ಸಂಯಮದಂತೆ ಬೆರಳಿನ ಸಂಯಮವೂ ಈಗ ವ್ರತಕ್ಕೆ ಸೇರಿದ್ದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕೆಲಸವಿದೆ. ಪ್ರಾರ್ಥನಾಸಭೆ ಸೇರಿದಾಗ, ಸತ್ತವರ ಜಾತಿ ಮತಗಳನ್ನು ನೋಡಿ ಶಾಂತಿಮಂತ್ರದ ಉದ್ದವನ್ನು ನಿರ್ಧರಿಸಬಾರದು. ಚರ್ಚಿನಲ್ಲಿ ಸತ್ತವರಿಗೆ ಮೌನವಿದ್ದರೆ ಮಸೀದಿಯಲ್ಲಿ ಸತ್ತವರಿಗೂ ಇರಬೇಕು. ಶಾಲೆಯಲ್ಲಿ ಸತ್ತ ಶತ್ರುದೇಶದ ಮಕ್ಕಳಿಗೂ ಇರಬೇಕು. ದೂರದ ದಾಳಿಯ ನೆಪದಲ್ಲಿ ತನ್ನ ಬೀದಿಯ ಯಾವುದೋ ಅಂಗಡಿಯವನು, ಯಾವುದೋ ವಿದ್ಯಾರ್ಥಿ ಅಂಜಿ ಬಾಗಿಲು ಹಾಕಿಕೊಂಡಿದ್ದರೆ, ಆಡಳಿತ ಮಂಡಳಿಯ ಹಿರಿಯರಿಬ್ಬರು ಹೋಗಿ ಅವನೊಡನೆ ಕುಳಿತು ಮಾತನಾಡಿ ಬರಬೇಕು. ವಿದೇಶದಲ್ಲಿರುವ ಸಮಾಜದ ಮಕ್ಕಳಿಗೂ ಇದೇ ಮಾತನ್ನು ಬರೆಯಬೇಕು. ಮೇಸಾ ನಗರದ ಗುಂಡು ಪೇಟವನ್ನು ಕಂಡು ಹಾರಿತು. ಯಾರ ಚರ್ಮದ ಬಣ್ಣವೂ ಯಾರ ವೇಷವೂ ಅಂಥ ಗುಂಡಿನಿಂದ ಸುರಕ್ಷಿತವಲ್ಲ. ಆದ್ದರಿಂದ ತನ್ನನ್ನು ಬೇರೆಯವನೆಂದು ತೋರಿಸಿಕೊಂಡು ಪಾರಾಗುವ ದಾರಿಗಿಂತ ಅಂಜಿದವನ ಪಕ್ಕದಲ್ಲಿ ನಿಲ್ಲುವ ದಾರಿಯೇ ಲೇಸು.

ಮಕ್ಕಳು ಪ್ರಶ್ನೆ ಕೇಳುತ್ತಾರೆ: ‘ಅವರು ಏಕೆ ಹಾಗೆ ಮಾಡಿದರು?’ ಉತ್ತರ ಸುಲಭವಲ್ಲ. ಆದರೆ ‘ಅವರ ಜಾತಿಯೇ ಅಂಥದು’ ಎಂಬ ಉತ್ತರವನ್ನು ಕೊಟ್ಟ ಮನೆಯಲ್ಲಿ, ದೂರದಲ್ಲಿ ಸಿಡಿದ ಬಾಂಬಿನ ಒಂದು ಚೂರು ಬಂದು ನೆಟ್ಟಿತೆಂದೇ ತಿಳಿಯಬೇಕು. ‘ಕೆಲವರು ಮಾಡಿದರು, ಅವರನ್ನು ಹಿಡಿದು ಶಿಕ್ಷಿಸಬೇಕು, ಸತ್ತವರ ಮಕ್ಕಳು ಇವತ್ತು ಅಳುತ್ತಿದ್ದಾರೆ’ ಎಂಬ ಮೂರು ಮಾತುಗಳು ಸತ್ಯವೂ ಹೌದು, ಮಗುವಿಗೆ ಸಾಕಾಗುವಷ್ಟೂ ಹೌದು.

ಕೊನೆಯದಾಗಿ ನೆನಪಿನ ಮಾತು. ಸುದ್ದಿಗೆ ವಾರದ ಆಯುಷ್ಯ. ದುಃಖಕ್ಕೆ ಜೀವಮಾನದ ಆಯುಷ್ಯ. ಅಹಕಿಸ್ಟಾದ ಜನ ವರ್ಷಕ್ಕೊಮ್ಮೆ ಕಡಲತೀರಕ್ಕೆ ಬಂದು ನಿಲ್ಲುತ್ತಾರೆ. ಅವರಲ್ಲಿ ಈಗ ಅನೇಕರು 1985ರ ಅನಂತರ ಹುಟ್ಟಿದವರು. ಸತ್ತವರನ್ನು ಕಂಡವರೂ ಅಲ್ಲ, ದೇಹಗಳನ್ನು ಹೊತ್ತವರೂ ಅಲ್ಲ. ಹಿರಿಯರು ಮಾಡುತ್ತಿದ್ದರು ಎಂದು ಕಿರಿಯರೂ ಬರುತ್ತಾರೆ. ಪರರ ದುಃಖಕ್ಕೆ ಹೀಗೆ ಪರಂಪರೆಯಾಗಿ ಬಾಗುವುದನ್ನು ಒಂದು ಹಳ್ಳಿ ಕಲಿಯಬಹುದಾದರೆ, ಅದನ್ನು ಒಂದು ಸಮಾಜ ಕಲಿಯಲಾರದೆಂದು ಹೇಳಲು ಕಾರಣವೇನೂ ಇಲ್ಲ.